ವಿಂಡೋಸ್ ತೊರೆಯುವ ಮುನ್ನ ನಿಮ್ಮ ಕಡತಗಳೆಲ್ಲಿವೆ?

ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡುದರಿಂದಲೂ, ವಿಂಡೋಸ್ 11 ಆದರೋ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನು ಅಪೇಕ್ಷಿಸಿ ಹಳೆಯ ಪ್ರೊಸೆಸರುಗಳನ್ನು ನಿರಾಕರಿಸುವುದರಿಂದಲೂ, ಇನ್ನೂ ಸುಸ್ಥಿತಿಯಲ್ಲಿರುವ ಕಂಪ್ಯೂಟರನ್ನು ಗುಜರಿಗೆ ಹಾಕಲು ಮನಸ್ಸೊಪ್ಪದ ಅನೇಕರು ಲಿನಕ್ಸಿನ ಕಡೆಗೆ ದೃಷ್ಟಿ ಹಾಯಿಸುತ್ತಿದ್ದಾರೆ. ಇದು ಸಂತೋಷದ ವಿಷಯ. ಆದರೆ ಕಾರ್ಯಾಚರಣ ವ್ಯವಸ್ಥೆಯನ್ನು ಬದಲಾಯಿಸಿದೊಡನೆ ತಮ್ಮ ಖಾಸಗಿತನವೂ ತಾನಾಗಿಯೇ ಮರಳಿ ಬಂತೆಂದು ಭಾವಿಸಿ, ತಮ್ಮ ಕಡತಗಳು ಅನ್ಯರ ಸರ್ವರಿನಲ್ಲಿ ಉಳಿದಿರುವುದನ್ನು ಮರೆಯುವವರನ್ನು ನಾನು ಮತ್ತೆ ಮತ್ತೆ ಕಾಣುತ್ತಿರುವುದರಿಂದ ಈ ಲೇಖನವನ್ನು ಬರೆಯಬೇಕಾಯಿತು.

ಆಯ್ಕೆಯ ವಿಷಯದಲ್ಲಿ ಹೆಚ್ಚು ಚರ್ಚೆ ಅನಾವಶ್ಯಕ. ಡೆಬಿಯನ್, ಉಬುಂಟು, ಫೆಡೋರಾ ಮೊದಲಾದುವೆಲ್ಲ ಉತ್ತಮವಾದುವೇ ಆದರೂ, ವಿಂಡೋಸಿನ ಅಭ್ಯಾಸವುಳ್ಳವರಿಗೆ ಲಿನಕ್ಸ್ ಮಿಂಟ್ ಸುಲಭವೆಂಬುದು ನನ್ನ ಅಭಿಪ್ರಾಯ. ಅದರ 22ನೆಯ ಆವೃತ್ತಿಗೆ 2029ರವರೆಗೆ ಬೆಂಬಲವುಂಟು. ರ‍್ಯಾಮ್ ನಾಲ್ಕು ಜಿಬಿ ಮಾತ್ರವಿದ್ದರೆ ಅದರ ಎಕ್ಸ್ಎಫ್‌ಸಿಇ ರೂಪವನ್ನು ಆರಿಸಿಕೊಳ್ಳಿ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರೂ, ಡಿಜಿಟಲ್ ಸಹಿಯ ಟೋಕನ್ ಬಳಸುವವರೂ ಆ ಕೆಲಸಕ್ಕಾಗಿ ವಿಂಡೋಸಿನ ಯಂತ್ರವೊಂದನ್ನು ಉಳಿಸಿಕೊಳ್ಳುವುದೇ ವಿವೇಕ.

ಮಿಂಟಿನ ಐಎಸ್‌ಒ ಕಡತವನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಂಡು, ಎಂಟು ಜಿಬಿಯ ಖಾಲಿ ಪೆನ್‌ಡ್ರೈವಿಗೆ ರೂಫಸ್ ಅಥವಾ ಎಚರ್ ಎಂಬ ತಂತ್ರಾಂಶದ ಮೂಲಕ ಬರೆಯಿರಿ. ಯಂತ್ರವನ್ನು ಚಾಲೂ ಮಾಡುವಾಗ ಎಫ್12 ಅಥವಾ ನಿಮ್ಮ ಯಂತ್ರಕ್ಕೆ ಹೊಂದುವ ಕೀಲಿಯನ್ನೊತ್ತಿ ಪೆನ್‌ಡ್ರೈವನ್ನು ಆರಿಸಿದರೆ, ಹಾರ್ಡ್ ಡಿಸ್ಕಿನಲ್ಲಿ ಯಾವ ವ್ಯತ್ಯಾಸವನ್ನೂ ಮಾಡದೆ ಹೊಸ ವ್ಯವಸ್ಥೆಯನ್ನು ಪರೀಕ್ಷಿಸಬಹುದು. ವೈಫೈ, ಧ್ವನಿ, ಮುಖ್ಯವಾಗಿ ಪ್ರಿಂಟರು ಮತ್ತು ಸ್ಕ್ಯಾನರುಗಳು ಕೆಲಸ ಮಾಡುತ್ತವೆಯೇ ಎಂಬುದನ್ನು ನೋಡಿಕೊಳ್ಳಿ. ‘ಇನ್‌ಸ್ಟಾಲ್’ ಚಿಹ್ನೆಯನ್ನು ಸದ್ಯಕ್ಕೆ ಮುಟ್ಟಬೇಡಿ.

ಬಹುಮಂದಿ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಮೈಕ್ರೋಸಾಫ್ಟ್ ಖಾತೆಯಿಂದ ವಿಂಡೋಸನ್ನು ಪ್ರವೇಶಿಸಿ ಬ್ಯಾಕಪ್ಪಿಗೆ ಸಮ್ಮತಿಯಿತ್ತವರ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಂಬ ಮೂರು ಫೋಲ್ಡರುಗಳೂ ಒನ್‌ಡ್ರೈವ್ ಎಂಬ ಆ ಕಂಪನಿಯ ಕ್ಲೌಡ್ ಸಂಗ್ರಹದೊಳಕ್ಕೆ ಸೇರಿರುತ್ತವೆ. ಅಲ್ಲದೆ ಡಿಸ್ಕಿನ ಸ್ಥಳವನ್ನು ಉಳಿಸುವ ಉದ್ದೇಶದಿಂದ, ಎಷ್ಟೋ ಕಡತಗಳ ಹೆಸರು ಮತ್ತು ಚಿಹ್ನೆಗಳು ಮಾತ್ರ ನಿಮ್ಮ ಯಂತ್ರದಲ್ಲಿದ್ದು, ಒಳಗಿನ ವಸ್ತುವೆಲ್ಲವೂ ದೂರದ ಸರ್ವರಿನಲ್ಲಿರುತ್ತದೆ. ಕಡತದ ಪಕ್ಕದಲ್ಲಿ ನೀಲಿ ಮೋಡದ ಗುರುತಿದ್ದರೆ ಅದು ನಿಮ್ಮಲ್ಲಿಲ್ಲವೆಂದೇ ತಿಳಿಯತಕ್ಕದ್ದು. ಇದನ್ನರಿಯದೆ ಪೆನ್‌ಡ್ರೈವಿನಿಂದ ಮಿಂಟನ್ನು ತೆರೆದು ಅಲ್ಲಿಂದ ಕಡತಗಳನ್ನು ನಕಲು ಮಾಡಹೊರಟವರಿಗೆ ದೊರೆಯುವುದು ತೆರೆಯಲಾಗದ ಹೆಸರುಗಳು ಮಾತ್ರ. ಆದುದರಿಂದ ವಿಂಡೋಸಿನಲ್ಲಿರುವಾಗಲೇ ಒನ್‌ಡ್ರೈವ್ ಫೋಲ್ಡರಿನ ಮೇಲೆ ಬಲಗುಂಡಿಯನ್ನೊತ್ತಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಎಂಬುದನ್ನು ಆರಿಸಿ, ಎಲ್ಲ ಮೋಡಗಳೂ ಹಸಿರು ಗುರುತುಗಳಾಗಿ ಮಾರ್ಪಡುವವರೆಗೆ, ಅದಕ್ಕೆ ಒಂದು ರಾತ್ರಿಯೇ ಹಿಡಿದರೂ ಸರಿ, ಕಾಯಬೇಕು. ಅನಂತರ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಇಂಟರ್‌ನೆಟ್ ಇಲ್ಲದ ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ಹತ್ತಾರು ಕಡತಗಳನ್ನು ತೆರೆದು ನೋಡಿ. ಈ ಕೊನೆಯ ಪರೀಕ್ಷೆಯನ್ನು ಯಾರೂ ಬಿಡಬಾರದೆಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಕ್ಲೌಡಿನಲ್ಲೊಂದು ಪ್ರತಿಯಿದೆಯಲ್ಲ ಎಂಬ ಧೈರ್ಯವೂ ಸಲ್ಲದು. ಸಿಂಕ್ ಆಗುತ್ತಿರುವ ಫೋಲ್ಡರಿನಿಂದ ಒಂದು ಕಡೆ ಅಳಿಸಿದ್ದು ಎಲ್ಲ ಕಡೆಯೂ ಅಳಿಯುತ್ತದೆಯಾದ್ದರಿಂದ ಅದು ಬ್ಯಾಕಪ್ ಎನಿಸಲಾರದು.

ಡಿಸ್ಕನ್ನು ಗೂಢಲಿಪೀಕರಿಸುವ ಬಿಟ್‌ಲಾಕರ್ ಜಾರಿಯಲ್ಲಿರುವ ಯಂತ್ರವಾದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಸಿದ್ಧಪಡಿಸಿದ ಕನ್ನಡ ದಸ್ತಾವೇಜುಗಳು ಆ ಫಾಂಟುಗಳಿಲ್ಲದೆಡೆ ಅರ್ಥಹೀನ ಅಕ್ಷರರಾಶಿಯಾಗಿ ಕಾಣುವುದರಿಂದ, ಅವನ್ನು ಯುನಿಕೋಡಿಗೆ ಈಗಲೇ ಪರಿವರ್ತಿಸಿಬಿಡಿ. ಹೊಸ ವ್ಯವಸ್ಥೆಯಲ್ಲಿ ಐಬಸ್ ಮತ್ತು ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶಗಳನ್ನು ಹಾಕಿಕೊಂಡರೆ ನೀವು ಬಲ್ಲ ಕೆಜಿಪಿ ಕೀಲಿಮಣೆ ವಿನ್ಯಾಸವೇ ದೊರೆಯುತ್ತದೆ. ಇಷ್ಟಾದ ಮೇಲೆ ಸ್ಥಾಪನೆಗೆ ತೊಡಗಬಹುದು. ತೆರೆಯ ಮೇಲಿನ ಪ್ರಶ್ನೆಗಳಿಗೆ ಉತ್ತರಿಸುತ್ತ ಹೋದರೆ ಸಾಕು.

ಇನ್ನು ಕ್ಲೌಡಿನ ಮಾತು, ಸ್ಥಳಾಭಾವದಿಂದ ಸಂಕ್ಷೇಪವಾಗಿ. ಕಂಪನಿಗಳು ಕಡತಗಳನ್ನು ಗೂಢಲಿಪೀಕರಿಸುವುದು ನಿಜವೇ ಆದರೂ, ಬೀಗದ ಕೈ ಸಾಮಾನ್ಯವಾಗಿ ಅವರಲ್ಲಿಯೇ ಇರುತ್ತದೆ. ಅಮೆರಿಕದ ಕಂಪನಿಯಾದರೆ 2018ರ ಅಲ್ಲಿನ ಕ್ಲೌಡ್ ಆ್ಯಕ್ಟ್ ಪ್ರಕಾರ, ದತ್ತಾಂಶವು ಯಾವ ದೇಶದಲ್ಲಿದ್ದರೂ ವಿಧಿವತ್ತಾದ ಆದೇಶಕ್ಕೆ ಅದನ್ನು ಒಪ್ಪಿಸಬೇಕಾಗಬಹುದು. ಖಾಸಗಿತನವು ಮೂಲಭೂತ ಹಕ್ಕೆಂದು ನಮ್ಮ ಸುಪ್ರೀಂ ಕೋರ್ಟು 2017ರಲ್ಲಿ ಸಾರಿದ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆ ಹಕ್ಕನ್ನು ನಮ್ಮ ಕೈಯಾರೆ ಬಿಟ್ಟುಕೊಡುವುದು ಉಚಿತವಲ್ಲ. ಪ್ರವಾಸದ ಚಿತ್ರಗಳು ಹಾಗೆಯೇ ಇರಲಿ. ಆಧಾರ್, ಪ್ಯಾನ್, ಕ್ರಯಪತ್ರ, ವೈದ್ಯಕೀಯ ವರದಿಗಳನ್ನು ಮಾತ್ರ ಕ್ರಿಪ್ಟೋಮೇಟರ್ ಎಂಬ ಮುಕ್ತ ತಂತ್ರಾಂಶದ ಕಪಾಟಿನಲ್ಲಿಟ್ಟ ಬಳಿಕವೇ ಕ್ಲೌಡಿಗೆ ಏರಿಸಿ. ಅದರ ಪಾಸ್‌ವರ್ಡನ್ನೂ ರಿಕವರಿ ಕೀಯನ್ನೂ ಕಳೆದುಕೊಂಡರೆ ಯಾವ ಕಂಪನಿಯೂ ತೆರೆದುಕೊಡಲಾರದಾದುದರಿಂದ, ಎರಡನ್ನೂ ಕಾಗದದ ಮೇಲೆ ಬರೆದು ಮನೆಯ ಪತ್ರಗಳ ಜೊತೆಯಲ್ಲಿಡಿ.