ತೌಡಿನಲ್ಲೂ ಲೈಪೇಸ್, ರಕ್ತದಲ್ಲೂ ಲೈಪೇಸ್: ಅಳೆಯುವುದು ಹೇಗೆ?

ಪ್ರಶ್ನೆ: ನಮ್ಮದು ಶಿಕಾರಿಪುರ ತಾಲ್ಲೂಕು. ಗಿರಣಿಯಿಂದ ತಂದ ತೌಡು ಮಳೆಗಾಲದಲ್ಲಿ ವಾರ ತುಂಬುವುದರೊಳಗೆ ಕಮಟು ವಾಸನೆ ಹೊಡೆಯುತ್ತದೆ. ಅಕ್ಕಚ್ಚಿಗೆ ಹಾಕಿದರೆ ದನ ಮೂಸಿ ನೋಡಿ ಬಿಟ್ಟುಬಿಡುತ್ತದೆ. ಕೊಬ್ಬನ್ನು ಒಡೆಯುವ ಲೈಪೇಸ್ ಎಂಬ ಕಿಣ್ವ ಇದಕ್ಕೆ ಕಾರಣ ಎಂದು ಓದಿದೆ. ಸೊರಬದಲ್ಲಿರುವ ತಂಗಿಗೆ ಹೊಟ್ಟೆನೋವು ಬಂದಾಗ ಮಾಡಿಸಿದ ರಕ್ತಪರೀಕ್ಷೆಯ ವರದಿಯಲ್ಲೂ ‘ಲೈಪೇಸ್ 48’ ಎಂದು ಬರೆದಿತ್ತು. ಎರಡೂ ಒಂದೇ ವಸ್ತುವೇ? ಕಣ್ಣಿಗೆ ಕಾಣದ ಇದನ್ನು ಪ್ರಯೋಗಾಲಯದಲ್ಲಿ ಅಳೆಯುವುದು ಹೇಗೆ?

ಉತ್ತರ: ಎರಡೂ ಒಂದೇ ವಸ್ತುವಲ್ಲ, ಆದರೆ ಮಾಡುವ ಕೆಲಸ ಒಂದೇ. ಕೊಬ್ಬಿನ ಒಂದು ಅಣುವೆಂದರೆ ಗ್ಲಿಸರಾಲ್‌ಗೆ ಜೋಡಿಸಿಕೊಂಡ ಮೂರು ಕೊಬ್ಬಿನಾಮ್ಲಗಳು. ನೀರಿನ ನೆರವಿನಿಂದ ಆ ಜೋಡಣೆಯನ್ನು ಕಡಿದು ಆಮ್ಲವನ್ನು ಬಿಡಿಸುವ ಕಿಣ್ವಗಳಿಗೆಲ್ಲ ಲೈಪೇಸ್ ಎಂದೇ ಹೆಸರು. ಭತ್ತದ್ದು ಬೇರೆ, ನಮ್ಮ ಮೇದೋಜ್ಜೀರಕ ಗ್ರಂಥಿಯದ್ದು ಬೇರೆ, ಹಾಲಿನಲ್ಲಿರುವುದು ಬೇರೆ, ಬೂಷ್ಟಿನದು ಮತ್ತೂ ಬೇರೆ.

ಮೊದಲು ತೌಡಿನ ವಿಷಯ. ಇಡೀ ಭತ್ತ ಕಣಜದಲ್ಲಿ ತಿಂಗಳುಗಟ್ಟಲೆ ಇದ್ದರೂ ಕಮಟುವುದಿಲ್ಲ. ಕಾಳಿನೊಳಗೆ ಎಣ್ಣೆ ಒಂದು ಪದರದಲ್ಲಿ ಮತ್ತು ಮೊಳಕೆಯ ಭಾಗದಲ್ಲಿದ್ದರೆ, ಲೈಪೇಸ್ ಅದರ ಹೊರಗಿನ ಬೀಜದ ಸಿಪ್ಪೆಯಲ್ಲಿರುತ್ತದೆ. ಗಿರಣಿಯಲ್ಲಿ ಅಕ್ಕಿಗೆ ಪಾಲಿಶ್ ಕೊಡುವಾಗ ಈ ಪದರಗಳೆಲ್ಲ ಉಜ್ಜಿ ಪುಡಿಯಾಗಿ ಒಂದರೊಳಗೊಂದು ಬೆರೆಯುತ್ತವೆ. ತೌಡಿನ ತೂಕದಲ್ಲಿ ಶೇ. 15ರಿಂದ 20ರಷ್ಟು ಎಣ್ಣೆಯೇ. ಅಲ್ಲಿಯವರೆಗೆ ದೂರವಿದ್ದ ಕಿಣ್ವಕ್ಕೆ ಅದೆಲ್ಲವೂ ಒಮ್ಮೆಗೇ ಸಿಗುತ್ತದೆ. ಸೆಕೆ ಮತ್ತು ತೇವ ಕೂಡಿದರೆ ಬಿಡಿ ಆಮ್ಲದ ಪ್ರಮಾಣ ಎಣ್ಣೆಯಲ್ಲಿ ದಿನಕ್ಕೆ ಶೇ. 5ರಿಂದ 7ರಷ್ಟು ಏರಬಲ್ಲದು. ಹಾಗೆ ಬಿಡಿಯಾದ ಆಮ್ಲಕ್ಕೆ ಗಾಳಿಯೂ ತಗುಲಿದಾಗ ಕಮಟು ವಾಸನೆ ಏಳುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ತೌಡು ಬೇಗ ಕೆಡುವುದು ಇದರಿಂದಲೇ. ಕುಚ್ಚಲಕ್ಕಿಯ ತೌಡು ಇಷ್ಟು ಬೇಗ ಹಾಳಾಗದು. ಭತ್ತ ಬೇಯಿಸುವಾಗಲೇ ಅದರ ಲೈಪೇಸ್ ಬಹುಪಾಲು ಸತ್ತಿರುತ್ತದೆ.

ಇನ್ನು ಅಳತೆ. ಕಿಣ್ವವನ್ನು ಸಾಮಾನ್ಯವಾಗಿ ತೂಗುವುದಿಲ್ಲ, ಅದರ ಕೆಲಸವನ್ನು ಅಳೆಯುತ್ತಾರೆ. ಗದ್ದೆ ನಾಟಿಗೆ ಎಷ್ಟು ಜನ ಬಂದರು ಎಂದು ತಲೆ ಎಣಿಸುವ ಬದಲು, ಒಂದು ಹೊತ್ತಿನಲ್ಲಿ ಎಷ್ಟು ಗದ್ದೆ ನಾಟಿಯಾಯಿತು ಎಂದು ನೋಡಿದ ಹಾಗೆ. ಇದಕ್ಕೆ ಕಾರಣವಿದೆ. ಬಿಸಿಗೆ ಸಿಕ್ಕಿ ಕೆಟ್ಟ ಕಿಣ್ವ ತೂಕದಲ್ಲಿ ಅಷ್ಟೇ ಇರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಒಂದು ನಿಮಿಷಕ್ಕೆ ಒಂದು ಮೈಕ್ರೋಮೋಲ್ ಕೊಬ್ಬಿನಾಮ್ಲ ಬಿಡಿಸುವಷ್ಟು ಕಿಣ್ವಕ್ಕೆ ಒಂದು ಯೂನಿಟ್ ಎನ್ನುತ್ತಾರೆ. ವರದಿಯಲ್ಲಿನ 48ರ ಮುಂದೆ ಇರಬೇಕಾದದ್ದು ಇದೇ: ಒಂದು ಲೀಟರ್ ಸೀರಮ್‌ಗೆ 48 ಯೂನಿಟ್.

ಕಾಲೇಜು ಪ್ರಯೋಗಾಲಯಗಳಲ್ಲಿ ಇಂದಿಗೂ ನಡೆಯುವ ಹಳೆಯ ವಿಧಾನ ಟೈಟ್ರೇಷನ್. ಲೈಪೇಸ್ ನೀರಿನಲ್ಲಿ ಕರಗುತ್ತದೆ, ಅದು ಒಡೆಯಬೇಕಾದ ಎಣ್ಣೆ ಕರಗುವುದಿಲ್ಲ. ಆದ್ದರಿಂದ ಎಣ್ಣೆಹನಿ ನೀರಿಗೆ ತಾಗುವ ಅಂಚಿನಲ್ಲಷ್ಟೇ ಕೆಲಸ ನಡೆಯುತ್ತದೆ. ಆ ಅಂಚು ದೊರೆತಾಗಲೇ ಲೈಪೇಸ್ ಚುರುಕಾಗುತ್ತದೆ ಎಂದು ಸಾರ್ದಾ ಮತ್ತು ಡೆನ್ಯುಯೆಲ್ 1958ರಲ್ಲಿ ತೋರಿಸಿದರು. ಹೀಗಾಗಿ ಮೊದಲ ಕೆಲಸ ಆಲಿವ್ ಎಣ್ಣೆಯನ್ನು ಗೋಂದಿನ ನೀರಿನೊಂದಿಗೆ ಜೋರಾಗಿ ಕಡೆದು ಹಾಲಿನಂಥ ಮಿಶ್ರಣ ಮಾಡಿಕೊಳ್ಳುವುದು. ಹನಿ ಸಣ್ಣದಾದಷ್ಟೂ ಅಂಚು ಹೆಚ್ಚು. ಕಡೆಯುವುದರಲ್ಲಿ ಏರುಪೇರಾದರೆ ಉತ್ತರವೂ ಏರುಪೇರು.

ತೌಡನ್ನು ಪರೀಕ್ಷಿಸುವುದಾದರೆ ಅದರ ಸ್ವಂತ ಎಣ್ಣೆಯನ್ನು ತಣ್ಣಗಿನ ದ್ರಾವಕದಲ್ಲಿ ತೊಳೆದು ತೆಗೆಯಬೇಕು. ಇಲ್ಲವಾದರೆ ಅದರಲ್ಲಿ ಮೊದಲೇ ಇದ್ದ ಆಮ್ಲ ಲೆಕ್ಕ ಕೆಡಿಸುತ್ತದೆ. ಎಣ್ಣೆ ತೆಗೆದ ತೌಡಿನಿಂದ ಕಿಣ್ವವನ್ನು ಬಫರ್ ದ್ರಾವಣಕ್ಕೆ ಇಳಿಸಿಕೊಂಡು, ಎಣ್ಣೆಯ ಮಿಶ್ರಣಕ್ಕೆ ಬೆರೆಸಿ, 37 ಡಿಗ್ರಿ ಸೆಲ್ಸಿಯಸ್ ನೀರಿನ ತೊಟ್ಟಿಯಲ್ಲಿ ಅಲುಗಿಸುತ್ತಾ ಅರ್ಧ ಗಂಟೆ ಇಡುತ್ತಾರೆ. ಆಮೇಲೆ ಆಲ್ಕೋಹಾಲ್ ಮತ್ತು ಅಸಿಟೋನ್ ಸುರಿದರೆ ಕಿಣ್ವ ಅಲ್ಲಿಗೆ ನಿಲ್ಲುತ್ತದೆ, ಬಿಡುಗಡೆಯಾದ ಆಮ್ಲವೂ ಕರಗುತ್ತದೆ. ಎರಡು ಹನಿ ಫಿನಾಲ್ಫ್ತಲೀನ್ ಹಾಕಿ, ಬ್ಯೂರೆಟ್ಟಿನಿಂದ ಕಾಸ್ಟಿಕ್ ಸೋಡಾ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾರೆ. ಆಮ್ಲ ಮುಗಿದ ಕ್ಷಣಕ್ಕೆ ತಿಳಿ ಗುಲಾಬಿ ಬಣ್ಣ ಬಂದು ನಿಲ್ಲುತ್ತದೆ.

ಪಕ್ಕದಲ್ಲಿ ಇನ್ನೊಂದು ಫ್ಲಾಸ್ಕ್ ಇರಲೇಬೇಕು. ಅದರಲ್ಲೂ ಎಲ್ಲವೂ ಅಷ್ಟೇ, ಕಿಣ್ವವನ್ನು ಮಾತ್ರ ಕುದಿಸಿ ಕೊಂದಿರುತ್ತಾರೆ. ಎರಡಕ್ಕೂ ಹಿಡಿದ ಕ್ಷಾರದ ವ್ಯತ್ಯಾಸವೇ ಕಿಣ್ವದ ನಿಜವಾದ ದುಡಿಮೆ. ಒಂದು ಉದಾಹರಣೆ ಲೆಕ್ಕ ನೋಡಿ. ಕ್ಷಾರದ ಸಾಂದ್ರತೆ 0.05 ಮೋಲಾರ್, ಅಂದರೆ ಒಂದು ಮಿಲಿಲೀಟರಿನಲ್ಲಿ 50 ಮೈಕ್ರೋಮೋಲ್. ವ್ಯತ್ಯಾಸ 3 ಮಿಲಿಲೀಟರ್ ಬಂದರೆ ಬಿಡುಗಡೆಯಾದ ಆಮ್ಲ 150 ಮೈಕ್ರೋಮೋಲ್. 30 ನಿಮಿಷಕ್ಕೆ ಭಾಗಿಸಿದರೆ 5 ಯೂನಿಟ್. ಒಂದು ಬ್ಯೂರೆಟ್, ಒಂದು ಗಡಿಯಾರ, ಒಂದು ಭಾಗಾಕಾರ ಇಷ್ಟರಲ್ಲೇ ಕಣ್ಣಿಗೆ ಕಾಣದ್ದು ಅಂಕಿಯಾಗಿ ಕೈಗೆ ಬಂತು. ಇದೇ ಕೆಲಸವನ್ನು ಯಂತ್ರಕ್ಕೂ ವಹಿಸಬಹುದು. ಪಿಎಚ್-ಸ್ಟ್ಯಾಟ್ ಎಂಬ ಉಪಕರಣ ದ್ರಾವಣ ಹುಳಿಯಾಗಲು ಬಿಡದೆ ತಾನೇ ಕ್ಷಾರ ತೊಟ್ಟಿಕ್ಕಿಸುತ್ತಾ ನಿಮಿಷಕ್ಕೆಷ್ಟು ಹಿಡಿಯಿತೆಂದು ಬರೆದಿಡುತ್ತದೆ.

ಕೊಬ್ಬನ್ನು ಹುಳಿಯಾಗಿಸುವ ಈ ಗುಣವೇ ಲೈಪೇಸಿನ ಮೊದಲ ಸುಳಿವಾಗಿತ್ತು. ಮೇದೋಜ್ಜೀರಕ ರಸವನ್ನು ಕೊಬ್ಬಿಗೆ ಬೆರೆಸಿದರೆ ಮಿಶ್ರಣ ಆಮ್ಲವಾಗುವುದನ್ನು ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಗಮನಿಸಿ 1856ರಲ್ಲಿ ಈ ಗ್ರಂಥಿಯ ಬಗ್ಗೆ ವಿವರವಾದ ಪ್ರಬಂಧವನ್ನೇ ಪ್ರಕಟಿಸಿದರು. ರಕ್ತದ ಲೈಪೇಸನ್ನು ಆಲಿವ್ ಎಣ್ಣೆ ಮತ್ತು ಟೈಟ್ರೇಷನ್‌ನಿಂದ ಅಳೆಯುವ ವಿಧಾನವನ್ನು ಚೆರಿ ಮತ್ತು ಕ್ರ್ಯಾಂಡಲ್ 1932ರಲ್ಲಿ ಕೊಟ್ಟರು. ಅದಕ್ಕೆ ಒಂದು ದಿನವೇ ಹಿಡಿಯುತ್ತಿತ್ತು. ಹೊಟ್ಟೆ ಹಿಡಿದುಕೊಂಡು ನರಳುವ ರೋಗಿಗೆ ಅಷ್ಟು ಹೊತ್ತು ಕಾಯಲಾಗದು.

ಈಗಿನ ಪ್ರಯೋಗಾಲಯಗಳು ಬಣ್ಣವನ್ನು ನಂಬುತ್ತವೆ. ಕೊಬ್ಬಿನ ಬದಲು, ಒಡೆದಾಗ ಬಣ್ಣ ಹೊಮ್ಮಿಸುವ ಕೃತಕ ವಸ್ತುವನ್ನು ಕಿಣ್ವಕ್ಕೆ ಒಡ್ಡುತ್ತಾರೆ. ಸಂಶೋಧನೆಯಲ್ಲಿ ಬಳಕೆಯಾಗುವ ಪ್ಯಾರಾ-ನೈಟ್ರೋಫಿನೈಲ್ ಪಾಲ್ಮಿಟೇಟ್ ಒಡೆದರೆ ಹಳದಿ. ರಕ್ತಪರೀಕ್ಷೆಯ ಯಂತ್ರಗಳಲ್ಲಿ ಹೆಚ್ಚಾಗಿ ಇರುವ ವಸ್ತು ಒಡೆದರೆ ಕೆಂಪು. ಸೀರಮ್ ಜೊತೆಗೆ ಪಿತ್ತದ ಲವಣ, ಕ್ಯಾಲ್ಸಿಯಂ ಮತ್ತು ಕೋಲೈಪೇಸ್ ಎಂಬ ಪುಟ್ಟ ಪ್ರೋಟೀನನ್ನೂ ಸೇರಿಸಿರುತ್ತಾರೆ. ಪಿತ್ತದ ಲವಣ ಲೈಪೇಸನ್ನು ಹನಿಯ ಅಂಚಿನಿಂದ ಸರಿಸಿಬಿಡುತ್ತದೆ, ಕೋಲೈಪೇಸ್ ಅದನ್ನು ಅಲ್ಲೇ ಹಿಡಿದು ನಿಲ್ಲಿಸುತ್ತದೆ. ನಮ್ಮ ಸಣ್ಣ ಕರುಳಿನಲ್ಲಿ ನಡೆಯುವುದೂ ಇದೇ. ಕೆಂಪು ಎಷ್ಟು ವೇಗವಾಗಿ ಏರುತ್ತದೆ ಎಂಬುದನ್ನು ಯಂತ್ರದ ಬೆಳಕು ಅಳೆದು ಕೆಲವೇ ನಿಮಿಷಗಳಲ್ಲಿ ಅಂಕಿ ಕೊಡುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಎಣ್ಣೆ ಯಾವುದು, ಉಷ್ಣತೆ ಎಷ್ಟು, ಬಣ್ಣದ ವಸ್ತು ಯಾವುದು ಎಂಬುದು ಬದಲಾದರೆ ಅದೇ ರಕ್ತದ ಅಂಕಿಯೂ ಬದಲಾಗುತ್ತದೆ. ಒಂದು ವಿಧಾನದಲ್ಲಿ ಆರೋಗ್ಯವಂತರ ಮೇಲಿನ ಮಿತಿ 60 ಇದ್ದರೆ ಇನ್ನೊಂದರಲ್ಲಿ 300 ಇರುತ್ತದೆ. ಆದ್ದರಿಂದ ಸೊರಬದಲ್ಲಿ ಮಾಡಿಸಿದ ವರದಿಯನ್ನು ಶಿವಮೊಗ್ಗದಲ್ಲಿ ಮಾಡಿಸಿದ್ದರ ಪಕ್ಕ ಇಟ್ಟು ‘ಏರಿದೆ’, ‘ಇಳಿದಿದೆ’ ಎಂದು ನೀವೇ ತೀರ್ಮಾನಿಸಬೇಡಿ. ಅಂಕಿಯ ಬಲಗಡೆ ಅದೇ ಪ್ರಯೋಗಾಲಯ ಮುದ್ರಿಸಿರುವ ಸಾಮಾನ್ಯ ಮಿತಿಯ ಜೊತೆ ಮಾತ್ರ ಹೋಲಿಸಿ. ಮೇಲಿನ ಮಿತಿಯ ಮೂರು ಪಟ್ಟು ದಾಟಿದರೆ ಮೇದೋಜ್ಜೀರಕ ಗ್ರಂಥಿಯ ಉರಿಯೂತಕ್ಕೆ ಅದೊಂದು ಬಲವಾದ ಸೂಚನೆ. ಆಗಲೂ ವೈದ್ಯರು ನೋವಿನ ಬಗೆ ಮತ್ತು ಸ್ಕ್ಯಾನಿಂಗ್ ಎರಡನ್ನೂ ಗಮನಿಸುತ್ತಾರೆ. ಅಂಕಿ ಎಷ್ಟು ದೊಡ್ಡದು ಎಂಬುದರಿಂದ ಕಾಯಿಲೆ ಎಷ್ಟು ತೀವ್ರ ಎಂದು ತಿಳಿಯದು. ಮೂತ್ರಪಿಂಡದ ತೊಂದರೆಯಲ್ಲೂ ಲೈಪೇಸ್ ಏರಬಹುದು. ಇನ್ನು 48 ಎಂಬುದು ಆ ವರದಿಯ ಮಿತಿಯೊಳಗೇ ಇದ್ದರೂ ನೋವು ಮುಂದುವರಿದಿದ್ದರೆ ತಂಗಿಯನ್ನು ಮತ್ತೆ ವೈದ್ಯರಿಗೆ ತೋರಿಸಿ.

ತೌಡಿಗೆ ಪರಿಹಾರ ನಿಮ್ಮ ಕೈಯಲ್ಲೇ ಇದೆ. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ಸೇರಿದಂತೆ ಹಲವೆಡೆ ತೌಡನ್ನು ಕೆಡದಂತೆ ಉಳಿಸುವ ಸಂಶೋಧನೆ ನಡೆದಿದೆ. ಎಲ್ಲದರ ತಿರುಳು ಒಂದೇ: ಗಿರಣಿಯಿಂದ ಹೊರಬಿದ್ದ ಕೂಡಲೇ ಕಾಯಿಸಿ ಲೈಪೇಸನ್ನು ನಿಲ್ಲಿಸಬೇಕು. ಹಬೆಯ ಬಿಸಿ ಒಣ ಬಿಸಿಗಿಂತ ಮೇಲು. ಮನೆಯಲ್ಲಾದರೆ ತಂದ ದಿನವೇ ಸ್ವಲ್ಪ ಸ್ವಲ್ಪವಾಗಿ ಹಬೆಯಲ್ಲಿ ಬೇಯಿಸಿ, ಬಾಣಲೆಯಲ್ಲಿ ಕೈಯಾಡಿಸುತ್ತಾ ತೇವ ಆರುವವರೆಗೆ ಹುರಿದು, ತಣಿದ ಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿ. ನಾಳೆ ಮಾಡೋಣ ಎಂದು ಬಿಟ್ಟರೆ ಪ್ರಯೋಜನವಿಲ್ಲ. ಬಿಸಿ ಮಾಡುವುದರಿಂದ ಕಿಣ್ವ ನಿಲ್ಲುತ್ತದೆಯೇ ಹೊರತು, ಆಗಲೇ ಬಿಡುಗಡೆಯಾದ ಆಮ್ಲ ಮತ್ತೆ ಕೊಬ್ಬಾಗುವುದಿಲ್ಲ.