ಕೋಳಿ ನಮ್ಮದು, ಹಿತ್ತಲು ಬೀದಿಯದು

ನಾಲ್ಕು ಹೇಂಟೆ, ಒಂದು ಹುಂಜ ಇಟ್ಟುಕೊಂಡರೆ ಮನೆಖರ್ಚಿಗೆ ಮೊಟ್ಟೆಯಾಯಿತು ಎಂದು ಲೆಕ್ಕ ಹಾಕಿ ಕೋಳಿ ತರುವವರು ಗೂಡಿನ ಬಗ್ಗೆ ಕೇಳುತ್ತಾರೆ, ಮೇವಿನ ಬಗ್ಗೆ ಕೇಳುತ್ತಾರೆ, ಯಾವ ತಳಿ ಒಳ್ಳೆಯದು ಎಂದು ಕೇಳುತ್ತಾರೆ. ಪಕ್ಕದ ಮನೆಯವರೂ ಕೋಳಿ ಸಾಕಿದ್ದಾರೆಯೇ, ಅವರ ಹಿತ್ತಲಲ್ಲಿ ಏನಿದೆ ಎಂದು ಯಾರೂ ಯೋಚಿಸುವುದಿಲ್ಲ. ಹಾಸನ ಜಿಲ್ಲೆಯ ನಮ್ಮ ಊರಿನಲ್ಲಿ ಬಹಳ ವರ್ಷಗಳಿಂದ ನಾಟಿ ಕೋಳಿ ಸಾಕುತ್ತಿರುವ ನಾನು ಈಗ ಯಾರಾದರೂ ಸಲಹೆ ಕೇಳಿದರೆ ಮೊದಲು ವಿಚಾರಿಸುವುದು ಅದನ್ನೇ. ಹಿತ್ತಲಿಗೆ ಬಿಟ್ಟ ಕೋಳಿ ಹಗಲಿನ ಅರ್ಧ ಹೊತ್ತು ಇರುವುದು ಬೇರೆಯವರ ಹಿತ್ತಲಿನಲ್ಲಿ. ಅಲ್ಲಿ ಮೇಯುತ್ತದೆ, ಅಲ್ಲಿ ಕೆರೆಯುತ್ತದೆ, ಕೆಲವೊಮ್ಮೆ ಅಲ್ಲೇ ಮೊಟ್ಟೆಯಿಡುತ್ತದೆ. ರೋಗವನ್ನೂ ಅಲ್ಲಿಂದ ತರುತ್ತದೆ, ಇಲ್ಲವೇ ಅಲ್ಲಿಗೆ ಒಯ್ಯುತ್ತದೆ.

ಮೊದಲ ತಕರಾರು ಬರುವುದು ಸೊಪ್ಪಿನ ಮಡಿಯಿಂದ. ದಂಟು, ಮೆಂತ್ಯ, ಕೊತ್ತಂಬರಿ ಬಿತ್ತಿ ನೀರು ಚಿಮುಕಿಸಿದ ಹಸಿಮಣ್ಣು ಕೋಳಿಯ ಕಣ್ಣಿಗೆ ಬಿದ್ದರೆ ಗಳಿಗೆಯಲ್ಲಿ ಮಡಿಯೆಲ್ಲ ಚೆಲ್ಲಾಪಿಲ್ಲಿ. ಬೀಜಕ್ಕಿಂತ ಹೆಚ್ಚಾಗಿ ಮಣ್ಣಿನಡಿಯ ಹುಳುವಿನ ಆಸೆ ಅದಕ್ಕೆ. "ಏನವ್ವಾ, ನಿಮ್ಮ ಕೋಳಿ ನಮ್ಮ ಮಡೀನೆಲ್ಲ ಕೆರ್ದಾಕವೆ, ಬಂದು ನೋಡು" ಎಂದು ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ಕೂಗಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗಿ ನೋಡಬೇಕು. ಹೋಗದಿದ್ದರೆ ಮಾತು ಬೆಳೆಯುತ್ತದೆ. ಕೋಳಿಯಿಂದ ಶುರುವಾಗಿ ಮಾತು ಬಿಟ್ಟ ಮನೆಗಳನ್ನು ನಾನು ಕಂಡಿದ್ದೇನೆ. ನಮ್ಮ ಬೀದಿಯಲ್ಲಿ ಇದು ತಿಳಿಯಾದದ್ದು ಒಂದು ಸಣ್ಣ ಒಪ್ಪಂದದಿಂದ. ಬಿತ್ತುವವರು ಹಿಂದಿನ ದಿನವೇ ಹೇಳುತ್ತಾರೆ. ಪೈರು ಗೇಣುದ್ದ ಬರುವ ತನಕ ಕೋಳಿಯವರು ಸಂಜೆ ಇಳಿಹೊತ್ತಿನಲ್ಲಿ ಮಾತ್ರ ಗೂಡು ತೆಗೆಯುತ್ತಾರೆ. ಆ ಹೊತ್ತಿಗೆ ಬಿಟ್ಟ ಕೋಳಿ ದೂರ ಹೋಗುವುದಿಲ್ಲ, ಕತ್ತಲಾಗುವುದರೊಳಗೆ ಗೂಡು ಸೇರುವ ಅವಸರ ಅದಕ್ಕೇ ಇರುತ್ತದೆ. ಮಡಿಯ ಸುತ್ತ ಕಟ್ಟಲು ಹಳೆಯ ಮೀನಿನ ಬಲೆ ತಂದುಕೊಡುವ ಹೊಣೆಯೂ ಕೋಳಿಯವರದೇ. ಇಡೀ ಹಿತ್ತಲಿಗೆ ತಂತಿಬೇಲಿ ಹಾಕಿಸುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಮೊಟ್ಟೆಯ ವಿಷಯ ಇನ್ನೂ ನಾಜೂಕು. ಹೊಸದಾಗಿ ಮೊಟ್ಟೆಗೆ ಬಂದ ಹೇಂಟೆ ಒಂದೆರಡು ದಿನ ಗೊಣಗುತ್ತ ಮೂಲೆಮೂಲೆ ಹುಡುಕುತ್ತದೆ. ಮಬ್ಬುಗತ್ತಲು, ಒಣ ನೆಲ, ಯಾರಿಗೂ ಕಾಣದ ಮರೆ ಅದಕ್ಕೆ ಬೇಕು. ನಾವು ಹುಲ್ಲು ಹಾಸಿಟ್ಟ ಮಂಕರಿಗಿಂತ ಎದುರು ಮನೆಯ ಹುಲ್ಲಿನ ಬಣವೆಯೇ ಅದಕ್ಕೆ ಹಿಡಿಸಬಹುದು. ಹಳಬರು ಬೆಳಿಗ್ಗೆ ಗೂಡು ತೆಗೆಯುವಾಗಲೇ ಹೇಂಟೆಯನ್ನು ಹಿಡಿದು ಬೆರಳಿಟ್ಟು ನೋಡಿ, ಮೊಟ್ಟೆ ತಾಕಿದರೆ ಮಂಕರಿಯಡಿ ಕವುಚಿ, ಇಟ್ಟ ಮೇಲೆಯೇ ಹೊರಗೆ ಬಿಡುತ್ತಿದ್ದರು. ನಾಲ್ಕಾರು ಸಲ ಅಲ್ಲೇ ಇಟ್ಟರೆ ಆಮೇಲೆ ತಾನಾಗಿ ಬರುತ್ತದೆ. ಮೊಟ್ಟೆ ತೆಗೆಯುವಾಗ ಒಂದನ್ನು ಬಿಟ್ಟು ತೆಗೆಯಬೇಕು, ಪೂರ್ತಿ ಬರಿದಾದ ಜಾಗವನ್ನು ಕೋಳಿ ನಂಬುವುದಿಲ್ಲ. ಇಷ್ಟು ಮಾಡಿದರೂ ಬಣವೆಗೆ ಹೋಗುವ ಒಂದೆರಡು ಇದ್ದೇ ಇರುತ್ತವೆ. ಎದುರು ಮನೆಯ ಅಕ್ಕ ಕಂಡ ಮೊಟ್ಟೆಯನ್ನೆಲ್ಲ ಸೆರಗಿನಲ್ಲಿ ಕಟ್ಟಿ ತರುತ್ತಾರೆ, ಅದರಲ್ಲಿ ಒಂದಷ್ಟನ್ನು ಅವರ ಮೊಮ್ಮಗುವಿಗೆಂದು ನಾನು ವಾಪಸು ಕೊಡುತ್ತೇನೆ. ನಾಟಿ ಮೊಟ್ಟೆಗೆ ಫಾರಂ ಮೊಟ್ಟೆಯ ಎರಡರಷ್ಟು ಬೆಲೆ ಸಿಗುವ ಈ ಕಾಲದಲ್ಲಿ ಅವರು ಸುಮ್ಮನೆ ಇದ್ದುಬಿಡಬಹುದಿತ್ತು. ಯಾವತ್ತೂ ಹಾಗೆ ಮಾಡಿಲ್ಲ. ಅವರ ಈ ನಿಯತ್ತಿಲ್ಲದಿದ್ದರೆ ನನ್ನ ಕೋಳಿ ಸಾಕಣೆ ನಡೆಯುತ್ತಿರಲಿಲ್ಲ.

ತಳಿಯ ಬಗ್ಗೆ ನನ್ನ ಅಭಿಪ್ರಾಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಆಮೇಲೆ ಅಲ್ಲಿಂದಲೇ ಬಂದ ಸ್ವರ್ಣಧಾರ, ಹೈದರಾಬಾದಿನ ವನರಾಜ ಇವೆಲ್ಲ ಹಿತ್ತಲಿಗೆಂದೇ ಮಾಡಿದ ತಳಿಗಳು. ನಾಟಿ ಹೇಂಟೆ ವರ್ಷಕ್ಕೆ 50–60 ಮೊಟ್ಟೆ ಇಟ್ಟರೆ ಹೆಚ್ಚು, ಗಿರಿರಾಜ ನೂರನ್ನು ಸಲೀಸಾಗಿ ದಾಟುತ್ತದೆ, ಮೈಯನ್ನೂ ಬೇಗ ತುಂಬಿಕೊಳ್ಳುತ್ತದೆ. ಮೊಟ್ಟೆಯೇ ಮುಖ್ಯ ಎನ್ನುವವರಿಗೆ ಅದು ಸರಿ. ಆದರೆ ಅದು ಕಾವಿಗೆ ಕೂರುವುದನ್ನು ನೆಚ್ಚಿಕೊಳ್ಳುವಂತಿಲ್ಲ, ಪ್ರತಿ ಸಲವೂ ಮರಿಯನ್ನು ಕೊಂಡೇ ತರಬೇಕು. ಮೈಭಾರದಿಂದ ಓಟವೂ ಹಾರಾಟವೂ ಕಡಿಮೆ. ನಾಟಿ ಹೇಂಟೆ ನಾಯಿ ಬಂದರೆ ಸೀಬೆ ಗಿಡದ ಮೇಲಿರುತ್ತದೆ. ತಾನೇ ಮರಿ ಮಾಡಿ, ಯಾವ ಸದ್ದಿಗೆ ಎಲ್ಲಿ ಅಡಗಬೇಕೆಂದು ಮರಿಗೂ ಕಲಿಸುತ್ತದೆ. ಬೇಲಿಯಿಲ್ಲದ ಬೀದಿಗೆ ಅದೇ ತಕ್ಕದ್ದು.

ಅಡಗಬೇಕಾದ ಸಂದರ್ಭಗಳೋ ಸಾಕಷ್ಟು. ಹಗಲಲ್ಲಿ ಮರಿಗೆ ಹದ್ದು, ಬಿಜ್ಜು, ಕಾಗೆ, ಕೆಂಬೂತ. ನೆಲದ ಮೇಲೆ ಮುಂಗುಸಿ, ಬೀದಿನಾಯಿ. ಮೊಟ್ಟೆಗೆ ಕೆರೆಹಾವು. ರಾತ್ರಿ ಕಾಡುಬೆಕ್ಕು, ಹೆಗ್ಗಣ. ಹುಂಜದ ಕೂಗನ್ನು ಕಿವಿಗೊಟ್ಟು ಕೇಳುವುದನ್ನು ರೂಢಿಸಿಕೊಂಡರೆ ಎಷ್ಟೋ ಅನಾಹುತ ತಪ್ಪುತ್ತದೆ. ಮೇಲಿನಿಂದ ಅಪಾಯ ಬಂದರೆ ಅದು ಹೊರಡಿಸುವ ದನಿ ಬೇರೆ, ನೆಲದ ಮೇಲೆ ಬಂದರೆ ಬಿಡದೆ ಕೊಕ್ಕೊಕ್ಕೋ ಎನ್ನುವ ದನಿ ಬೇರೆ. ಈಗ ಬೀದಿಯ ಯಾವ ಮನೆಯ ಹುಂಜ ಕೂಗಿದರೂ ಹತ್ತಿರದಲ್ಲಿದ್ದವರು ಎದ್ದು ಬಂದು ನೋಡುತ್ತಾರೆ, ಯಾರ ಕೋಳಿಯೆಂದು ಕೇಳುವುದಿಲ್ಲ. ರಾತ್ರಿಯ ಕಾವಲು ಮಾತ್ರ ಗೂಡಿನದೇ. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣದು, ಹಿಡಿದರೆ ಹಿಡಿಸಿಕೊಳ್ಳುತ್ತದೆ. ಅಂಗಡಿಯಲ್ಲಿ ಕೋಳಿ ಜಾಲರಿ ಎಂದು ಕೊಡುವ ತೆಳ್ಳನೆಯ ಆರುಮೂಲೆ ತಂತಿಯನ್ನು ನಾಯಿ ಕಿತ್ತುಹಾಕುತ್ತದೆ, ಹಾವು ನುಸುಳುತ್ತದೆ. ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿಸಿ, ಹೆಗ್ಗಣ ಕೊರೆಯದಂತೆ ನೆಲಕ್ಕೆ ಚಪ್ಪಡಿ ಹಾಸಿ, ಮೇಲೆ ಭತ್ತದ ಹೊಟ್ಟು ಹರಡಿ, ಕೂರಲು ಬಿದಿರಿನ ಗಳು ಕಟ್ಟಿದರೆ ಹಲವು ವರ್ಷಕ್ಕೆ ಚಿಂತೆಯಿಲ್ಲ.

ಇಷ್ಟೆಲ್ಲವನ್ನೂ ಒಂದು ತಕ್ಕಡಿಯಲ್ಲಿಟ್ಟು ಕೊಕ್ಕರೆ ರೋಗವೊಂದನ್ನೇ ಇನ್ನೊಂದರಲ್ಲಿಟ್ಟರೆ ಎರಡನೆಯದೇ ಭಾರ. ಪಶುವೈದ್ಯರು ರಾಣಿಖೇತ್ ರೋಗ ಎನ್ನುವುದು ಇದನ್ನೇ. ಯಾವ ಕಾಲಕ್ಕೂ ಬರಬಹುದಾದರೂ ನಮ್ಮ ಕಡೆ ಇದರ ಭಯ ಹೆಚ್ಚು ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾದಾಗ. ಆ ದಿನಗಳಲ್ಲಿ ಹೊಸತೊಡಕಿಗೆಂದು ಹುಂಜಗಳಿಗೆ ಬೇಡಿಕೆ ಏರುತ್ತದೆ, ಸಂತೆ ತುಂಬುತ್ತದೆ, ಮಂಕರಿಗಳಲ್ಲಿ, ಬೈಕಿನ ಹ್ಯಾಂಡಲ್ಲಿನಲ್ಲಿ ತಲೆಕೆಳಗಾಗಿ ಕೋಳಿಗಳು ಊರಿಂದೂರಿಗೆ ಓಡಾಡುತ್ತವೆ. ರೋಗ ಹೊಕ್ಕ ಕೋಳಿ ಕೆಲವು ದಿನ ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ರೆಕ್ಕೆ ಜೋತುಬಿಟ್ಟು ತೂಕಡಿಸುತ್ತದೆ, ಹಸಿರು ಮಿಶ್ರಿತ ಬಿಳಿ ಹಿಕ್ಕೆ ಹಾಕುತ್ತದೆ, ಬಾಯಿ ತೆರೆದು ಉಸಿರೆಳೆಯುತ್ತದೆ. ಕೆಲವು ಕತ್ತು ತಿರುಚಿಕೊಂಡು ನಿಂತಲ್ಲೇ ಸುತ್ತತೊಡಗುತ್ತವೆ. ಔಷಧಿಯಿಲ್ಲ. ಒಂದು ವಾರದಲ್ಲಿ ಇಡೀ ಬೀದಿಯ ಗೂಡುಗಳು ಖಾಲಿಯಾದ ಬೇಸಿಗೆಯನ್ನು ನಾನು ನೋಡಿದ್ದೇನೆ. ನಮ್ಮ ಬೀದಿಯಲ್ಲಿ ಗಂಡನಿಲ್ಲದ ಒಬ್ಬ ತಾಯಿಗೆ ಕೋಳಿ ಮಾರಿದ ದುಡ್ಡೇ ಮಗಳ ಪುಸ್ತಕ, ಬಸ್ ಪಾಸಿನ ದುಡ್ಡು. ಆ ಬೇಸಿಗೆ ಅವರು ಖಾಲಿ ಗೂಡಿನ ಮುಂದೆ ಕೂತು ಅತ್ತದ್ದು ನನಗೆ ಇವತ್ತಿಗೂ ಸಂಕಟ.

ರೋಗ ಹರಡುವುದರಲ್ಲಿ ನಮ್ಮ ಕೈವಾಡವೂ ಇದೆ. ತೂಕಡಿಸುವ ಕೋಳಿಯನ್ನು ಸಾಯುವುದರೊಳಗೆ ಕೊಯ್ದುಬಿಡುತ್ತಾರೆ, ಪುಕ್ಕ, ಕರುಳು ತಿಪ್ಪೆಗೆ ಹೋಗುತ್ತವೆ. ಅಲ್ಲಿಂದ ನಾಯಿ, ಕಾಗೆಗಳು ಅದನ್ನು ಮುಂದಿನ ಬೀದಿಗೆ ಎಳೆದೊಯ್ಯುತ್ತವೆ. ಕೆಲವರು ಸಿಕ್ಕಷ್ಟು ಸಿಗಲಿ ಎಂದು ಸಂತೆಗೆ ಒಯ್ಯುತ್ತಾರೆ. ಬಡವರನ್ನು ಇದಕ್ಕಾಗಿ ದೂರಲು ನನಗೆ ಮನಸ್ಸು ಬರುವುದಿಲ್ಲ, ಆದರೂ ಮುಂದಿನ ಊರಿನ ಗೂಡು ಖಾಲಿಯಾಗುವುದು ಹೀಗೆಯೇ. ಸತ್ತ ಕೋಳಿಯನ್ನು ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳುವುದು, ಸಂತೆಯಿಂದ ತಂದ ಕೋಳಿಯನ್ನು ಎರಡು ಮೂರು ವಾರ ಬೇರೆ ಕಡೆ ಇಟ್ಟು ನೋಡುವುದು, ಅದಕ್ಕೆ ನೀರು ಮೇವು ಹಾಕಿದ ಮೇಲೆ ಕೈಕಾಲು ತೊಳೆಯದೆ ಉಳಿದ ಗೂಡಿನ ಕಡೆ ಹೋಗದಿರುವುದು, ಇವಿಷ್ಟನ್ನು ನಮ್ಮಲ್ಲಿ ಹೆಚ್ಚಿನವರು ಪಾಲಿಸುತ್ತಾರೆ. ಒಂದು ಮನೆಯವರು ಬಿಟ್ಟರೂ ಉಳಿದವರ ಶ್ರಮ ವ್ಯರ್ಥ ಎನ್ನುವುದೇ ಇದರ ಕಷ್ಟ. 2025ರ ಮೊದಲ ತಿಂಗಳುಗಳಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗ ನಮ್ಮ ಊರಿನವರೂ ಹೆದರಿದ್ದರು. ಹಕ್ಕಿಜ್ವರ ಖಚಿತವಾದರೆ ಸುತ್ತ ಒಂದು ಕಿಲೋಮೀಟರ್ ದೂರದೊಳಗಿನ ಕೋಳಿಗಳನ್ನೆಲ್ಲ ಕೊಲ್ಲುವುದು ನಿಯಮ, ಚೆನ್ನಾಗಿರುವ ಕೋಳಿಯೂ ಉಳಿಯುವುದಿಲ್ಲ.

ಕೊಕ್ಕರೆ ರೋಗಕ್ಕೆ ಲಸಿಕೆಯಿದೆ, ಒಳ್ಳೆಯ ಲಸಿಕೆ. ಮರಿಗೆ ಐದರಿಂದ ಏಳು ದಿನವಾದಾಗ ಲಸೋಟಾ ಅಥವಾ ಎಫ್ ಲಸಿಕೆಯನ್ನು ಕಣ್ಣಿಗೋ ಮೂಗಿಗೋ ಒಂದು ಹನಿ ಬಿಡುತ್ತಾರೆ. ಎಂಟನೆಯ ವಾರದ ಸುಮಾರಿಗೆ ರೆಕ್ಕೆಯಡಿಯ ಚರ್ಮಕ್ಕೆ ಆರ್‌ಟೂಬಿ ಚುಚ್ಚುತ್ತಾರೆ. ತೊಡಕಿರುವುದು ಸೀಸೆಯ ಅಳತೆಯಲ್ಲಿ. ಸಣ್ಣ ಸೀಸೆ ಎಂದರೂ ಅದರಲ್ಲಿ 100 ಕೋಳಿಗಾಗುವಷ್ಟು ಲಸಿಕೆ. ಒಳಗಿರುವುದು ಜೀವಂತ ವೈರಸ್ಸಿನ ಒಣ ಪುಡಿ. ತಂಪು ತಪ್ಪಿದರೆ ಕೆಟ್ಟುಹೋಗುತ್ತದೆ, ದ್ರಾವಣದಲ್ಲಿ ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಮರಿಯಿರುವ ಮನೆಯವರು ನೂರರ ಸೀಸೆ ತಂದು ತೊಂಬತ್ತನ್ನು ಚೆಲ್ಲಬೇಕು. ಪಶು ಆಸ್ಪತ್ರೆಯವರೂ ಹತ್ತು ಕೋಳಿಗೆ ಸೀಸೆ ಒಡೆಯಲು ಹಿಂಜರಿದರೆ ಅದರಲ್ಲಿ ಅನ್ಯಾಯವೇನಿಲ್ಲ. ಹಿತ್ತಲ ಕೋಳಿಗಳು ಲಸಿಕೆಯಿಲ್ಲದೆ ಸಾಯುವುದಕ್ಕೆ ಜನರ ಅಸಡ್ಡೆಗಿಂತ ಈ ಲೆಕ್ಕ ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ.

ದೊಡ್ಡ ಕೋಳಿಗಳಿಗೆ ಇದು ಸುಲಭವಾಗಿ ಬಗೆಹರಿಯಿತು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಗೊತ್ತು ಮಾಡಿ, ಯಾರೂ ಗೂಡು ತೆಗೆಯುವ ಮೊದಲೇ, ಫ್ಲಾಸ್ಕಿನಲ್ಲಿ ಐಸ್ ತುಂಬಿ ಲಸಿಕೆ ತಂದು ಮನೆಮನೆಗೆ ಹೋಗಿ ಹಾಕಿಸುತ್ತೇವೆ. ಸೀಸೆ ಪೂರ್ತಿ ಖರ್ಚಾಗುತ್ತದೆ. ಮರಿಗಳದೇ ಸಮಸ್ಯೆ, ಏಕೆಂದರೆ ಒಂದೊಂದು ಮನೆಯಲ್ಲಿ ಒಂದೊಂದು ಹೊತ್ತಿಗೆ ಮರಿಯಾಗುತ್ತವೆ. ಈ ತಿಂಗಳು ಅವರದು ಏಳು ದಿನದ ಮರಿ, ಮುಂದಿನ ತಿಂಗಳು ನಮ್ಮದು.

ಇದಕ್ಕೆ ದಾರಿ ಹೊಳೆದದ್ದು ಪಕ್ಕದ ಮನೆಯ ಅಜ್ಜಿಗೆ. "ಎಲ್ರೂ ಒಂದೇ ವಾರದಾಗೆ ಕಾವಿಗೆ ಕೂರ್ಸಿ, ಎಲ್ಲಾರ್ ಮನೆ ಮರೀನೂ ಒಂದೇ ವಾರ ಹೊರಡ್ತವೆ" ಎಂದರು. ಸೊಪ್ಪಿನ ಮಡಿಗಾಗಿ ನನ್ನ ಮೇಲೆ ಕೂಗಾಡುತ್ತಿದ್ದವರು ಇವರೇ, ಕೋಳಿಯ ಬಗ್ಗೆ ಅವರಷ್ಟು ತಿಳಿದವರು ಊರಲ್ಲಿ ಇನ್ನೊಬ್ಬರಿಲ್ಲ. ಹೇಂಟೆಗೆ ಕಾವು ಬರುವುದು ನಮ್ಮ ಅನುಕೂಲ ನೋಡಿಕೊಂಡಲ್ಲ, ನಿಜ. ಆದರೆ ಮುಂಚೆ ಕಾವು ಬಂದದ್ದನ್ನು ಕೆಲವು ದಿನ ತಡೆದಿಡಬಹುದು. ಅಡಿಗೆ ಎರಡು ಫಾರಂ ಮೊಟ್ಟೆ ಇಟ್ಟರೆ ಅದು ಗೂಡು ಬಿಡದೆ ಕೂತಿರುತ್ತದೆ. ಅವು ಮರಿಯಾಗುವ ಮೊಟ್ಟೆಗಳಲ್ಲ, ಬದಲಿಸುವಾಗ ನಷ್ಟವೂ ಇಲ್ಲ. ಅಷ್ಟರಲ್ಲಿ ನಾಟಿ ಮೊಟ್ಟೆಗಳನ್ನು ತಂಪಾದ ಮೂಲೆಯಲ್ಲಿ ರಾಗಿಯ ಮೇಲೆ, ಚೂಪು ತುದಿ ಕೆಳಗಾಗಿ, ಕೂಡಿಡಬೇಕು. ಒಂದು ವಾರದ ಒಳಗಿನದಾದರೆ ಒಳ್ಳೆಯದು. ಯಾರ ಹೇಂಟೆಗೆ ಕಾವು ಬಂದಿದೆಯೋ ಅವರ ಮನೆಯಲ್ಲಿ ಪಕ್ಕದವರ ಮೊಟ್ಟೆಯನ್ನೂ ಕೂರಿಸಿ, ಹೊರಟ ಮರಿಯಲ್ಲಿ ಅರ್ಧರ್ಧ ಮಾಡಿಕೊಳ್ಳುತ್ತಾರೆ. ಪಾಲಿಗೆ ಕೋಳಿ ಕೊಡುವುದು ನಮ್ಮಲ್ಲಿ ಮೊದಲಿಂದಲೂ ಇದ್ದ ವಾಡಿಕೆಯಾದ್ದರಿಂದ ಯಾರಿಗೂ ಹೊಸದೆನಿಸಲಿಲ್ಲ. ಒಂದೇ ಮನೆಯ ಹುಂಜದ ಸಂತತಿ ತಮ್ಮೊಳಗೇ ಕೂಡಿ ಬಲ ಕುಗ್ಗುವುದೂ ಇದರಿಂದ ಸ್ವಲ್ಪ ತಪ್ಪಿದೆ.

ಕಾವಿಗೆ ಕೂರಿಸುವ ಮಂಕರಿಯ ತಳಕ್ಕೆ ಬೂದಿ, ಅದರ ಮೇಲೆ ಹುಲ್ಲು, ನಡುವೆ ಒಂದು ಹಿಡಿ ಬೇವಿನ ಸೊಪ್ಪು. ಇಪ್ಪತ್ತೊಂದು ದಿನ ಒಂದೇ ಕಡೆ ಕೂತ ಹೇಂಟೆಗೆ ಹೇನು ಮುತ್ತಿಕೊಂಡರೆ ಅದು ಎದ್ದುಬಿಡುತ್ತದೆ, ಮೊಟ್ಟೆ ತಣ್ಣಗಾಗುತ್ತದೆ. ಏಳನೆಯ ರಾತ್ರಿ ಟಾರ್ಚಿನ ಬೆಳಕಿಗೆ ಹಿಡಿದು, ಕೆಂಪು ನರ ಕಾಣದ ಮೊಟ್ಟೆಗಳನ್ನು ತೆಗೆದುಬಿಟ್ಟರೆ ಉಳಿದವಕ್ಕೆ ಕಾವು ಚೆನ್ನಾಗಿ ಸಿಗುತ್ತದೆ. ಮರಿಗಳಿಗೆ ಮೊದಲ ವಾರಗಳಲ್ಲಿ ನುಚ್ಚಿನ ಜೊತೆ ಗೆದ್ದಲು ಕೊಟ್ಟರೆ ಬೆಳವಣಿಗೆಯೇ ಬೇರೆ. ಹಳೆಯ ಮಡಕೆಗೆ ಸಗಣಿ, ಗೋಣಿತಾಟಿನ ಚೂರು ತುಂಬಿ ನೀರು ಚಿಮುಕಿಸಿ ಹುತ್ತದ ಹತ್ತಿರ ಸಂಜೆ ಬೋರಲು ಹಾಕಿದರೆ ಬೆಳಿಗ್ಗೆಗೆ ಗೆದ್ದಲು ಸಿದ್ಧ.

ಮಳೆಗಾಲದ ಮರಿಗಳು ತಂಡಿಗೆ ಸಾಯುವುದು ಹೆಚ್ಚಾದ್ದರಿಂದ ಈ ವರ್ಷ ದೀಪಾವಳಿ ಕಳೆದ ಮೇಲೆ ಕೂರಿಸುವುದೆಂದು ಮಾತಾಗಿದೆ. ಆಗ ಹೊರಟ ಮರಿಗಳಿಗೆ ಯುಗಾದಿಯ ಸಂತೆ ತುಂಬುವುದರೊಳಗೆ ಎರಡೂ ಲಸಿಕೆ ಮುಗಿದಿರುತ್ತವೆ. ಲಸೋಟಾ ತರುವ ಹೊಣೆ ನನ್ನದು, ಐಸಿನದು ಬೀದಿಯ ತುದಿಯ ಅಂಗಡಿಯವರದು. ಕೊನೆಯ ಮನೆಯ ತಂಗಿಯ ಕರಿ ಹೇಂಟೆ ಮಾತ್ರ ಈಗಾಗಲೇ ಸೌದೆ ಗುಡ್ಡೆಯ ಹಿಂದೆ ತನ್ನ ಪಾಡಿಗೆ ತಾನು ಹನ್ನೊಂದು ಮೊಟ್ಟೆಯ ಮೇಲೆ ಕೂತುಬಿಟ್ಟಿದೆ. ಅದರ ಮರಿಗಳಿಗೆ ಲಸಿಕೆ ಹೇಗೆ ಹೊಂದಿಸುವುದು ಎನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಪಕ್ಕದೂರಿನಲ್ಲಿ ಅದೇ ವಾರಕ್ಕೆ ಮರಿ ಹೊರಡುವ ಮನೆಗಳು ಇವೆಯೇ ಎಂದು ವಿಚಾರಿಸುತ್ತಿದ್ದೇವೆ.