ಬೋರ್ಡೋ ದ್ರಾವಣ ಮತ್ತು ಪ್ರಮಾಣದ ಲೆಕ್ಕ

ಅಡಿಕೆಯ ಕೊಳೆರೋಗವು ಮಲೆನಾಡಿನ ತೋಟಗಾರರಿಗೆ ಹೊಸದಲ್ಲ. ಮಳೆಗಾಲದಲ್ಲಿ ಎಳೆಗಾಯಿಗಳು ಕೊಳೆತು ಉದುರಿ, ವರ್ಷದ ಫಸಲೇ ನೆಲದ ಪಾಲಾಗುವುದುಂಟು. ಮೈಸೂರು ಸಂಸ್ಥಾನದಲ್ಲಿ ಡಾಕ್ಟರ್ ಲೆಸ್ಲಿ ಕೋಲ್ಮನ್ನರು 1910ರ ಸುಮಾರಿನಲ್ಲಿ ಈ ರೋಗವನ್ನು ಪರಿಶೋಧಿಸಿ, ಬೋರ್ಡೋ ದ್ರಾವಣದ ಉಪಯೋಗವನ್ನು ತೋರಿಸಿಕೊಟ್ಟರು. ಅದೇ ಮದ್ದು ಇಂದಿಗೂ ಬಳಕೆಯಲ್ಲಿದೆ. ಮದ್ದು ಹೊಡೆದರೂ ಕಾಯಿ ಉದುರಿತೆಂಬಲ್ಲಿ, ದೋಷವು ಮದ್ದಿನಲ್ಲಿರದೆ ಅದನ್ನು ಬೆರೆಸಿದ ಲೆಕ್ಕದಲ್ಲಿರಬಹುದು.

ಶೇಕಡ 1ರ ದ್ರಾವಣಕ್ಕೆ ಮೈಲುತುತ್ತ 1 ಕಿಲೋ, ಸುಟ್ಟ ಸುಣ್ಣ 1 ಕಿಲೋ, ನೀರು 100 ಲೀಟರ್ ಬೇಕು. ಈ 1 : 1 : 100 ಎಂಬುದೇ ಪ್ರಮಾಣವು. ಇವುಗಳಲ್ಲಿ ಒಂದು ಎಷ್ಟು ಮಡಿ ಹೆಚ್ಚುವುದೋ ಉಳಿದೆರಡೂ ಅಷ್ಟೇ ಮಡಿ ಹೆಚ್ಚತಕ್ಕದ್ದು. ತಿಳಿಯದ ರಾಶಿಯನ್ನು ‘ಕ್ಷ’ ಎಂದಿಟ್ಟುಕೊಂಡು, ಅಂತ್ಯರಾಶಿಗಳ ಗುಣಲಬ್ಧವು ಮಧ್ಯರಾಶಿಗಳ ಗುಣಲಬ್ಧಕ್ಕೆ ಸಮವೆಂಬ ನಿಯಮವನ್ನು ಅನುಸರಿಸಿದರೆ ಉತ್ತರವು ದೊರೆಯುವುದು.

ಮೊದಲನೆಯ ಲೆಕ್ಕ: ಪೀಪಾಯಿಯಲ್ಲಿ 200 ಲೀಟರ್ ನೀರಿದೆ. ಮೈಲುತುತ್ತವೆಷ್ಟು?
ಕ್ಷ : 200 = 1 : 100. ಆದ್ದರಿಂದ 100 ಕ್ಷ = 200; ಕ್ಷ = 2 ಕಿಲೋ.

ಎರಡನೆಯ ಲೆಕ್ಕ: ಮನೆಯಲ್ಲಿ ಉಳಿದಿರುವ ಮೈಲುತುತ್ತ 1½ ಕಿಲೋ ಮಾತ್ರ. ನೀರೆಷ್ಟು?
1½ : ಕ್ಷ = 1 : 100. ಆದ್ದರಿಂದ ಕ್ಷ = 150 ಲೀಟರ್.
ಪೀಪಾಯಿ ತುಂಬಲೆಂದು 200 ಲೀಟರ್ ನೀರು ಹೊಯ್ದರೆ ದ್ರಾವಣದ ಬಲವು ಮುಕ್ಕಾಲು ಪಾಲಿಗೆ ಇಳಿಯುವುದು.

ಮೂರನೆಯ ಲೆಕ್ಕ: ಸುಣ್ಣ 5 ಕಿಲೋ ಅರಳಿಸಿ ಸೋಸಿದಾಗ, ಅದರಲ್ಲಿ 1 ಕಿಲೋ ಕಲ್ಲು, ಬೇಯದ ಗಟ್ಟಿಯೆಂದು ತಿಳಿಯಿತು, ಒಳ್ಳೆಯ ಸುಣ್ಣ 4 ಕಿಲೋ ಮಾತ್ರ. 200 ಲೀಟರಿಗೆ ಬೇಕಾದ 2 ಕಿಲೋ ಒಳ್ಳೆಯ ಸುಣ್ಣಕ್ಕೆ ಇಂತಹ ಸುಣ್ಣವನ್ನೆಷ್ಟು ತೂಗಬೇಕು?
ಕ್ಷ : 2 = 5 : 4. ಆದ್ದರಿಂದ 4 ಕ್ಷ = 10; ಕ್ಷ = 2½ ಕಿಲೋ.

ಈ ಮೂರನೆಯದನ್ನು ಅಲಕ್ಷ್ಯ ಮಾಡಕೂಡದು. ಸುಣ್ಣವು ಕಡಮೆಯಾದರೆ, ಕೂಡದೆ ಉಳಿದ ತುತ್ತವು ಎಳೆಯ ಭಾಗಗಳನ್ನು ಸುಡುತ್ತದೆ. ಲೆಕ್ಕಕ್ಕೆ ಸಾಕ್ಷಿ ಬೇಕಾದರೆ, ಉಜ್ಜಿ ಹೊಳಪಿಸಿದ ಕಬ್ಬಿಣದ ಚೂರಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡತಕ್ಕದ್ದು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ, ಅದು ಕೂರದಂತಾಗುವವರೆಗೆ ಸುಣ್ಣದ ತಿಳಿಹಾಲನ್ನು ಸೇರಿಸಬೇಕು.

ತುತ್ತವನ್ನೂ ಸುಣ್ಣವನ್ನೂ ಅರ್ಧರ್ಧ ನೀರಿನಲ್ಲಿ ಬೇರೆ ಬೇರೆ ಕರಗಿಸಿ, ಮರದ ಅಥವಾ ಪ್ಲಾಸ್ಟಿಕ್ ಪಾತ್ರೆಗಳಲ್ಲಿಯೇ ಬೆರೆಸಬೇಕು. ಕಬ್ಬಿಣದ ಪಾತ್ರೆ ಕೂಡದು. ಬೆರೆಸಿದ ದಿನವೇ ಸಿಂಪಡಿಸತಕ್ಕದ್ದು. ಮುಂಗಾರು ಹಿಡಿಯುವ ಮುನ್ನ ಒಂದಾವರ್ತಿ, 40-45 ದಿವಸಗಳ ಮೇಲೆ ಇನ್ನೊಂದಾವರ್ತಿ ಸಿಂಪಡಿಸುವುದು ಕ್ರಮವು.

ಗ್ರಾಮದ ಮುಖಂಡರು ಪ್ರತಿಯೊಂದು ಪೀಪಾಯಿಯ ಮೇಲೆ ಅದರ ಅಳತೆಯನ್ನೂ ಅದಕ್ಕೆ ತಕ್ಕ ತೂಕಗಳನ್ನೂ ಬಣ್ಣದಲ್ಲಿ ಬರೆಯಿಸಿಟ್ಟರೆ, ಮಳೆಯ ಅವಸರದಲ್ಲಿ ಆಳುಗಳು ಕೈಯಳತೆಗೆ ಬೀಳುವ ಸಂಭವವು ಕಡಮೆಯಾಗುವುದು.